ಝಳ, ಕಾವು, ಕುದಿ: ಪುಣೆಯ ಪತ್ರಾಸ್ ಮನೆಗಳಲ್ಲಿ ಒಂದು ಬ್ಯಾಸಗಿ

ಸಂದರ್ಶನದಲ್ಲಿ ನನ್ನ ಎಂ.ಎ. ಅಂಕಪಟ್ಟಿಯನ್ನು ಯಾರೂ ತೆರೆದು ನೋಡಲಿಲ್ಲ. ಸಿವಿಲ್ ವಿಭಾಗದ ಪ್ರೊಫೆಸರರು ಮರಾಠಿಯಲ್ಲಿ ಕೇಳಿದ್ದು ಒಂದೇ ಮಾತು: ‘ವಿಜಾಪುರ, ಗುಲಬರ್ಗಾ ಕಡೆಯ ಕನ್ನಡ ಬರುತ್ತದಾ?’ ಇಂಡಿ ತಾಲೂಕಿನಲ್ಲಿ ಹುಟ್ಟಿ ಬೆಳೆದವಳಿಗೆ ಅದೊಂದು ಪ್ರಶ್ನೆಯೇ? ಬರುತ್ತದೆ ಅಂದೆ. ಮುಂದಿನ ಸೋಮವಾರದಿಂದ ಪುಣೆಯ ಒಂದು ವಿಶ್ವವಿದ್ಯಾಲಯದ ಸಂಶೋಧನಾ ತಂಡದಲ್ಲಿ ನಾನು ಕ್ಷೇತ್ರ ಸಹಾಯಕಿ. ಹನ್ನೆರಡು ತಿಂಗಳ ಪಗಾರ, ಓಡಾಟಕ್ಕೆ ಬಸ್ ಪಾಸು.

ಯೋಜನೆಯ ಹೆಸರು ಎರಡು ಸಾಲು ಉದ್ದವಿತ್ತು. ಸಾರ ಇಷ್ಟೇ: ಬ್ಯಾಸಗಿಯಲ್ಲಿ ಪತ್ರಾಸ್, ಅಂದರೆ ತಗಡು, ಹೊದಿಸಿದ ಮನೆಗಳೊಳಗೆ ಎಷ್ಟು ಬಿಸಿ ಇರುತ್ತದೆ, ಅದರಿಂದ ಅಲ್ಲಿನ ಜನರಿಗೆ ಏನಾಗುತ್ತದೆ, ಮಹಾನಗರಪಾಲಿಕೆ ಏನು ಮಾಡಬಹುದು ಎಂದು ಹೇಳುವುದು. ತಂಡದಲ್ಲಿ ಸಿವಿಲ್ ಸರ್, ಕಂಪ್ಯೂಟರ್ ವಿಭಾಗದ ಒಬ್ಬ ಸರ್ ಮತ್ತು ಅವರ ಇಬ್ಬರು ವಿದ್ಯಾರ್ಥಿಗಳು, ಕೊಲ್ಹಾಪುರದ ಒಬ್ಬ ಆರ್ಕಿಟೆಕ್ಟ್ ಹುಡುಗಿ, ಸಾರ್ವಜನಿಕ ಆರೋಗ್ಯದ ಡಾಕ್ಟರ್ ಬಾಯಿ ಇದ್ದರು. ಜೊತೆಗೆ ಒಬ್ಬ ಅರ್ಥಶಾಸ್ತ್ರಜ್ಞರು. ಅವರು ಪ್ರತಿ ಮೀಟಿಂಗಿಗೂ ಬಂದು ಒಂದು ಪ್ರಶ್ನೆ ಕೇಳಿ, ಚಹಾ ಮುಗಿಸಿ ಹೋಗುತ್ತಿದ್ದರು. ಮೊದಲ ತಿಂಗಳು ನಾನು ಅವರ ಬಗ್ಗೆ ಬಹಳ ಕೆಟ್ಟದಾಗಿ ಯೋಚಿಸಿದ್ದೆ. ಆಮೇಲೆ ಆ ಅಭಿಪ್ರಾಯ ಬದಲಾಯಿತು, ಅದನ್ನು ಮುಂದೆ ಹೇಳುತ್ತೇನೆ.

ಕನ್ನಡ ಯಾಕೆ ಬೇಕಿತ್ತು ಎಂದರೆ, ಅವರು ಆರಿಸಿದ ವಸ್ತಿ, ಅಂದರೆ ಜೋಪಡಿಗಳ ಕೇರಿ, ಪುಣೆಯ ವಾರ್ಜೆ ಕಡೆಯದು. ಅಲ್ಲಿ ಅರ್ಧಕ್ಕರ್ಧ ಮನೆಗಳಲ್ಲಿ ವಿಜಾಪುರ, ಕಲಬುರಗಿ, ಯಾದಗಿರಿ ಜಿಲ್ಲೆಯವರು. ಗಂಡಸರು ಗೌಂಡಿ, ಸೆಂಟ್ರಿಂಗ್, ಬಿಗಾರಿ ಕೆಲಸಕ್ಕೆ ಬೆಳಿಗ್ಗೆ ಕೂಲಿ ಸಿಗುವ ನಾಕಾದಲ್ಲಿ ನಿಲ್ಲುವವರು. ಹೆಂಗಸರು ಸುತ್ತಲಿನ ಸೊಸೈಟಿಗಳಲ್ಲಿ, ಅಂದರೆ ಅಪಾರ್ಟ್‌ಮೆಂಟುಗಳಲ್ಲಿ, ಭಾಂಡಿ ತಿಕ್ಕುವವರು. ಮುಳಾ-ಮುಠಾ ಹೊಳೆ ಭೀಮೆಗೆ ಸೇರಿ, ಉಜನಿ ಅಣೆಕಟ್ಟು ದಾಟಿ, ಪಂಢರಪುರ ಹಾಯ್ದು ನಮ್ಮ ಇಂಡಿ ತಾಲೂಕಿನ ಅಂಚಿಗೆ ಬರುತ್ತದೆ. ನೀರು ಇಲ್ಲಿಂದ ಅಲ್ಲಿಗೆ, ಜನ ಅಲ್ಲಿಂದ ಇಲ್ಲಿಗೆ.

ಮೊದಲ ಕೆಲಸ ಪ್ರಶ್ನಾವಳಿಯ ಅನುವಾದ. 64 ಪ್ರಶ್ನೆ. ಒಂದು ವಾರದಲ್ಲಿ ಮುಗಿಸುತ್ತೇನೆ ಎಂದಿದ್ದೆ, ಏಳು ವಾರ ಹಿಡಿಯಿತು.

ಶುರುವಿನಲ್ಲೇ ಮುಗ್ಗರಿಸಿದೆ. ‘ನಿಮ್ಮ ಮನೆಯೊಳಗಿನ ಉಷ್ಣತೆಯಿಂದ ತೊಂದರೆಯಾಗುತ್ತದೆಯೇ?’ ಎಂದು ಬರೆದುಕೊಂಡು ಹೋಗಿದ್ದೆ. ಪರೀಕ್ಷೆಗೆಂದು ಮೊದಲು ಕೇಳಿದ ಮನೆಯ ಹೆಂಗಸು ಸಲೀಸಾಗಿ ಹೇಳಿದಳು: ‘ಉಷ್ಣ ಆದ್ರ ಮಜ್ಜಿಗಿ ಕುಡೀತೀವ್ರಿ ಬಾಯಾರ, ಸಬ್ಬಸಿಗಿ ತಿನ್ನಂಗಿಲ್ಲ.’ ಅವಳಿಗೆ ಕೇಳಿಸಿದ್ದು ಮೈಯ ಉಷ್ಣ. ನಾನು ಬರೆದದ್ದು ಪಠ್ಯಪುಸ್ತಕದ ಉಷ್ಣತೆ. ನಮ್ಮವ್ವನೂ ಹಾಗೇ ಹೇಳುತ್ತಿದ್ದಳು, ನನಗೇ ಮರೆತುಹೋಗಿತ್ತು.

ಸರಿ, ‘ಬಿಸಿ’ ಎಂದು ತಿದ್ದಿದೆ. ಒಂದರಿಂದ ಐದರವರೆಗೆ ಅಂಕ ಹೇಳಬೇಕು: ಒಂದು ಎಂದರೆ ಏನೂ ತೊಂದರೆ ಇಲ್ಲ, ಐದು ಎಂದರೆ ತಾಳಲಾಗದು. ಎರಡನೆಯ ಮನೆಯಲ್ಲಿ ಕಲಬುರಗಿ ಕಡೆಯ ಮುದುಕಿಯೊಬ್ಬಳು ನನ್ನ ಕಾಗದವನ್ನೇ ನೋಡುತ್ತ ಕೇಳಿದಳು: ‘ಯವ್ವಾ, ಝಳಕ್ಕ ಕೇಳ್ತಿಯೋ, ಕಾವಿಗಿ ಕೇಳ್ತಿಯೋ, ಕುದಿಗಿ ಕೇಳ್ತಿಯೋ?’

‘ಮೂರೂ ಬ್ಯಾರೆ ಏನಮ್ಮಾ?’

‘ಬ್ಯಾರೆ ಅಲ್ದ ಮತ್ತ? ಝಳ ಅಂದ್ರ ಬಾಗಲದಾಗ ನಿಂತ್ರ ಮಾರಿಗಿ ಹೊಡೀತದ. ಕಾವು ಅಂದ್ರ ಮ್ಯಾಲಿಂದ ಇಳೀತದ, ನೆತ್ತಿ ಸುಡತದ. ಕುದಿ ಅಂದ್ರ ಗಾಳಿ ಆಡಂಗಿಲ್ಲ, ಬೆವರು ಆರಂಗಿಲ್ಲ. ಅನ್ನದ ಗಡಿಗ್ಯಾಗ ಕುಂತಂಗ.’

ಇದನ್ನು ಹಾಗೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಸೋಮವಾರದ ಮೀಟಿಂಗಿನಲ್ಲಿ ಓದಿದೆ, ಮರಾಠಿಗೆ ತಿರುಗಿಸುತ್ತ. ನನ್ನ ಉದ್ದೇಶ ಬರೀ ದೂರು ಹೇಳುವುದಾಗಿತ್ತು: ಒಂದು ಪ್ರಶ್ನೆ ಮೂರಾಗುತ್ತಿದೆ, ಏನು ಮಾಡಲಿ? ಆರ್ಕಿಟೆಕ್ಟ್ ಹುಡುಗಿ ಎದ್ದು ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದಳು: ಗಾಳಿಯ ತಾಪಮಾನ, ಸುತ್ತಲ ಮೇಲ್ಮೈಗಳಿಂದ ಬರುವ ವಿಕಿರಣದ ತಾಪಮಾನ, ತೇವಾಂಶ, ಗಾಳಿಯ ವೇಗ. ಮನುಷ್ಯನಿಗೆ ಎಷ್ಟು ಬಿಸಿ ಅನಿಸುತ್ತದೆ ಎಂಬುದನ್ನು ಹೊರಗಿನ ಈ ನಾಲ್ಕು, ಜೊತೆಗೆ ಮೈಮೇಲಿನ ಬಟ್ಟೆ ಮತ್ತು ಮಾಡುತ್ತಿರುವ ಕೆಲಸ, ಹೀಗೆ ಆರು ಸಂಗತಿ ನಿರ್ಧರಿಸುತ್ತವೆ. ಡೆನ್ಮಾರ್ಕಿನ ಫ್ಯಾಂಗರ್ ಎಂಬ ವಿಜ್ಞಾನಿ 1970ರಲ್ಲಿ ಇದನ್ನು ಸಮೀಕರಣಕ್ಕೆ ಇಳಿಸಿದರಂತೆ, ಕಾಲೇಜು ವಯಸ್ಸಿನ ಹುಡುಗ-ಹುಡುಗಿಯರನ್ನು ನಿಯಂತ್ರಿತ ಕೋಣೆಯಲ್ಲಿ ಕೂರಿಸಿ. ‘ನಿನ್ನ ಅಜ್ಜಿ ಹೇಳಿದ್ದು ಇದೇ ಕಣೇ. ಝಳ ಇದು, ಕಾವು ಇದು, ಕುದಿ ಅಂದರೆ ಕೊನೆಯ ಇವೆರಡೂ ಕೂಡಿ’ ಎಂದು ಬೋರ್ಡಿಗೆ ಬಾಣ ಎಳೆದಳು.

ಆಮೇಲೆ ಅವಳೇ ತಿರುಗಿ ಕಂಪ್ಯೂಟರ್ ಸರ್‌ಗೆ ಕೇಳಿದ್ದು: ‘ನಮ್ಮ ಡಬ್ಬಿ ಕಾವನ್ನು ಅಳೆಯುತ್ತದಾ?’

ಅಳೆಯುತ್ತಿರಲಿಲ್ಲ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಬಿಳಿ ಡಬ್ಬಿಯೊಳಗೆ ತಾಪಮಾನ ಮತ್ತು ತೇವಾಂಶದ ಸೆನ್ಸರ್ ಮಾತ್ರ ಇದ್ದವು. ತಲೆಯ ಮೇಲೆ ನಾಲ್ಕು ಅಡಿ ಅಂತರದಲ್ಲಿ ಪತ್ರಾಸು ಕಾದು ಕೆಂಡವಾಗಿದ್ದರೂ ಆ ಡಬ್ಬಿ ಬರೀ ಗಾಳಿಯ ಲೆಕ್ಕ ಹೇಳುತ್ತಿತ್ತು. ಸಿವಿಲ್ ಸರ್ ತಕರಾರು ಎತ್ತಿದರು: ಜನ ಏನೋ ಹೇಳಿದರೆಂದು ಉಪಕರಣ ಬದಲಿಸುತ್ತ ಕೂತರೆ ಯೋಜನೆ ಮುಗಿಯುವುದು ಯಾವಾಗ, ದುಡ್ಡು ಎಲ್ಲಿದೆ? ದುಡ್ಡಿನ ಮಾತು ಸುಳ್ಳಾಗಿರಲಿಲ್ಲ. ವಿಕಿರಣ ಅಳೆಯಲು ಬಳಸುವ ಪ್ರಮಾಣಿತ ಸಾಧನ 150 ಮಿಲಿಮೀಟರ್ ವ್ಯಾಸದ, ಕರಿ ಬಣ್ಣ ಬಳಿದ ತಾಮ್ರದ ಗೋಳ. 24 ಮನೆಗೆ 24 ಗೋಳ ಆಗದ ಮಾತು. ಕಂಪ್ಯೂಟರ್ ವಿಭಾಗದ ಹುಡುಗ ದಾರಿ ಹುಡುಕಿದ. ಬೇರೆ ದೇಶಗಳಲ್ಲಿ ಸಂಶೋಧಕರು ಟೇಬಲ್ ಟೆನಿಸ್ ಚೆಂಡಿಗೆ ಕರಿ ಬಣ್ಣ ಬಳಿದು ಅದರ ನಡುವೆ ಸೆನ್ಸರ್ ಕೂರಿಸುತ್ತಾರಂತೆ. ಚೆಂಡಿನ ವ್ಯಾಸ 40 ಮಿಲಿಮೀಟರ್, ಲೆಕ್ಕದಲ್ಲಿ ಸ್ವಲ್ಪ ತಿದ್ದುಪಡಿ ಮಾಡಿಕೊಂಡರೆ ಆಯಿತು. ಬುಧವಾರ ಪೇಟೆಯ ತಪಕೀರ ಗಲ್ಲಿಯಲ್ಲಿ ತಂತಿ, ಬ್ಯಾಟರಿ ಕೊಂಡೆವು. ಚೆಂಡು ಆಟದ ಸಾಮಾನಿನ ಅಂಗಡಿಯಿಂದ ಬಂತು. ಹಾಸ್ಟೆಲ್ ಗಚ್ಚಿಯ ಮೇಲೆ ಕೂತು ಮೂವರೂ ಬಣ್ಣ ಬಳಿದೆವು. ನನ್ನ ಎರಡು ಚೂಡಿದಾರ ಹಾಳಾದವು.

ಪ್ರಶ್ನಾವಳಿಯಲ್ಲಿ ಇನ್ನೊಂದು ಗಂಟು ಇತ್ತು. ‘ನಿಮ್ಮ ಪ್ರದೇಶ ಎಷ್ಟು ವಾಸಯೋಗ್ಯ?’ 2018ರಲ್ಲಿ ಕೇಂದ್ರ ಸರ್ಕಾರ 111 ನಗರಗಳಿಗೆ ಜೀವನ ಸುಗಮತೆಯ ಶ್ರೇಯಾಂಕ ಕೊಟ್ಟಾಗ ಪುಣೆ ಮೊದಲ ಸ್ಥಾನದಲ್ಲಿತ್ತು. ಹೀಗಾಗಿ ತಂಡದ ಎಲ್ಲರಿಗೂ ಈ ಶಬ್ದದ ಮೇಲೆ ಪ್ರೀತಿ. ವಾಸಯೋಗ್ಯ ಎಂಬುದನ್ನು ನಮ್ಮ ಕಡೆ ಯಾರೂ ಬಾಯಲ್ಲಿ ಆಡುವುದಿಲ್ಲ. ‘ಇಲ್ಲಿ ಬಾಳೇ ಮಾಡಾಕ ಹೆಂಗದ?’ ಎಂದು ತಿರುಗಿಸಿದೆ. ಸೆಂಟ್ರಿಂಗ್ ಕೆಲಸದ ಮಾವನೊಬ್ಬ ಬೀಡಿ ಹಚ್ಚುತ್ತ ಉತ್ತರ ಕೊಟ್ಟ: ‘ಬಾಳೇ ಅಂತೂ ನಡದದವ್ವಾ. ಹೆಂಗದ ಅಂತ ಕೇಳಾಕ ನಮಗ ಬ್ಯಾರೆ ಜಾಗಾ ಎಲ್ಲದ?’ ಇದನ್ನು ಒಂದರಿಂದ ಐದರಲ್ಲಿ ಎಲ್ಲಿ ಇಡುವುದು? ಡಾಕ್ಟರ್ ಬಾಯಿ ಆ ಪ್ರಶ್ನೆಯನ್ನೇ ಹೊಡೆದು ಹಾಕಿದರು. ‘ಮನೆ’ ಎಂಬ ಶಬ್ದಕ್ಕೂ ಜಗಳ ಆಯಿತು. ಒಂದು ಒಲೆಗೆ ಒಂದು ಮನೆ ಎಂದು ಅರ್ಥಶಾಸ್ತ್ರದವರು, ಒಂದು ಮಾಳಿಗೆಗೆ ಒಂದು ಮನೆ ಎಂದು ಸಿವಿಲ್ ಸರ್, ರಾತ್ರಿ ಒಳಗೆ ಮಲಗುವವರು ಮಾತ್ರ ಲೆಕ್ಕಕ್ಕೆ ಎಂದು ಡಾಕ್ಟರ್ ಬಾಯಿ. ಬ್ಯಾಸಗಿಯಲ್ಲಿ ಗಂಡಸರು ಹೊರಗೆ ಮಲಗುತ್ತಾರೆ, ಹೆಂಗಸರು ಒಳಗೆ. ಅವರ ಲೆಕ್ಕ ಹಿಡಿದರೆ ಏಪ್ರಿಲ್‌ನಲ್ಲಿ ವಸ್ತಿಯ ಅರ್ಧ ಗಂಡಸರು ಯಾವ ಮನೆಗೂ ಸೇರದವರು.

ಮುಂದಿನದು ಒಪ್ಪಿಗೆ ಪತ್ರ. ಮನುಷ್ಯರ ಮೇಲಿನ ಯಾವ ಅಧ್ಯಯನಕ್ಕೂ ವಿಶ್ವವಿದ್ಯಾಲಯದ ನೈತಿಕತಾ ಸಮಿತಿ ಒಪ್ಪಬೇಕು. ಆರೋಗ್ಯದ ಭಾಗ ಇದ್ದುದರಿಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯೂ ಅನ್ವಯ. ಪತ್ರ ಕನ್ನಡದಲ್ಲಿ ಇರಬೇಕು, ಅದನ್ನು ಬೇರೊಬ್ಬರು ಮತ್ತೆ ಮರಾಠಿಗೆ ತಿರುಗಿಸಿ ಅರ್ಥ ಉಳಿದಿದೆಯೇ ಎಂದು ಪರೀಕ್ಷಿಸಬೇಕು, ಒಂದು ಪ್ರತಿಯನ್ನು ಮನೆಯವರಿಗೇ ಕೊಡಬೇಕು. ಎರಡು ಸಲ ವಾಪಸು ಬಂತು, ಮೂರನೆಯ ಸಲ ಪಾಸಾಯಿತು. ಆ ಎರಡೂ ಸಲ ನಾನು ಸಮಿತಿಯನ್ನು ಬೈದುಕೊಂಡಿದ್ದೇನೆ.

ವಸ್ತಿಯಲ್ಲಿ ಆದದ್ದೇ ಬೇರೆ. ‘ಸರ್ವೆ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಬಾಗಿಲು ಮುಚ್ಚುವವರು ಕೆಲವರು, ಎಲ್ಲ ಕಾಗದ ಹಿಡಿದು ಓಡಿ ಬರುವವರು ಕೆಲವರು. ಮಹಾರಾಷ್ಟ್ರದಲ್ಲಿ ಜೋಪಡಿ ಪುನರ್ವಸತಿಗೆ ತಾರೀಖಿನ ಲೆಕ್ಕ ಇದೆ: 2000ದ ಜನವರಿ 1ಕ್ಕೆ ಮೊದಲಿನಿಂದ ಇದ್ದೇವೆಂದು ತೋರಿಸಿದವರಿಗೆ ಮನೆ ಉಚಿತ, 2011ರ ಜನವರಿ 1ರೊಳಗೆ ಬಂದವರು ಹಣ ಕಟ್ಟಿ ಪಡೆಯಬಹುದು. ಹೀಗಾಗಿ ವಿಳಾಸ ಬರೆದ ಯಾವ ಸೀಲಿನ ಕಾಗದವೂ ಅಲ್ಲಿ ಬಂಗಾರ. ನನ್ನ ಒಪ್ಪಿಗೆ ಪತ್ರದಲ್ಲಿ ವಿಶ್ವವಿದ್ಯಾಲಯದ ಮುದ್ರೆ ಇತ್ತು, ಮನೆಯ ನಂಬರ್ ಇತ್ತು, ತಾರೀಖು ಇತ್ತು. ‘ಇದು ಮನೆಯ ಹಕ್ಕಿನ ಕಾಗದ ಅಲ್ಲ, ಇದರಿಂದ ಏನೂ ಸಿಗಂಗಿಲ್ಲ’ ಎಂದು ಪ್ರತಿ ಮನೆಯಲ್ಲೂ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಮುಂದಿನ ವಾರ ಹೋದಾಗ ಕನಿಷ್ಠ ಹತ್ತು ಮನೆಯವರು ಅದನ್ನು ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ ರೇಷನ್ ಕಾರ್ಡಿನ ಜೊತೆ ಇಟ್ಟಿದ್ದರು. ಇದನ್ನು ಸಮಿತಿಗೆ ತಿಳಿಸಬೇಕೋ ಬೇಡವೋ ಎಂದು ಡಾಕ್ಟರ್ ಬಾಯಿಯೂ ನಾನೂ ಒಂದು ಸಂಜೆಯಿಡೀ ಚರ್ಚಿಸಿದೆವು. ತಿಳಿಸಿದೆವು. ‘ಗಮನಿಸಲಾಗಿದೆ’ ಎಂದು ಉತ್ತರ ಬಂತು.

ಅದೇ ಪತ್ರದ ಪ್ರಕಾರ ಯಾರ ಹೆಸರನ್ನೂ ಹೇಳುವಂತಿಲ್ಲ. ಮನೆಗಳಿಗೆ ಎಚ್-1ರಿಂದ ಎಚ್-24ರವರೆಗೆ ಸಂಖ್ಯೆ. ನಾನು ಹೇಳಬೇಕಾದದ್ದು ಎಚ್-17ರ ಅಕ್ಕನ ವಿಷಯ.

ಮಾರ್ಚ್ ಮೊದಲ ವಾರ ಡಬ್ಬಿ ನೇತುಹಾಕಿದೆವು. ಹವಾಮಾನ ಇಲಾಖೆಯ ಥರ್ಮಾಮೀಟರ್ ಬಿಳಿ ಜಾಲರಿ ಪೆಟ್ಟಿಗೆಯಲ್ಲಿ, ನೆಲದಿಂದ ನಾಲ್ಕು ಅಡಿಗೂ ತುಸು ಮೇಲೆ, ಬಯಲಲ್ಲಿ, ನೆರಳಲ್ಲಿ ಇರುತ್ತದೆ. ಪುಣೆಯ ಸುದ್ದಿಯಲ್ಲಿ ಬರುವ ಶಿವಾಜಿನಗರದ ತಾಪಮಾನ ಹಾಗೆ ಅಳೆದದ್ದು. ಹತ್ತು ಅಡಿ ಹತ್ತು ಅಡಿಯ ಮನೆಯಲ್ಲಿ ಒಲೆಯಿಂದ ದೂರ, ಬಾಗಿಲಿಂದ ದೂರ, ಮಕ್ಕಳ ಕೈಗೆ ಎಟುಕದಂತೆ, ಕೂತವರ ತಲೆಯ ಮಟ್ಟಕ್ಕೆ ಎಂದರೆ ಜಾಗ ಎಲ್ಲಿ? ಖಾಲಿ ಗೋಡೆ ಎಂಬುದೇ ಇರಲಿಲ್ಲ. ಎಚ್-9ರಲ್ಲಿ ಯಲ್ಲಮ್ಮನ ಫೋಟೋದ ಪಕ್ಕ ಮೊಳೆ ಹೊಡೆದೆವು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಏಳಕ್ಕೆ ಗ್ರಾಫಿನಲ್ಲಿ ಸಣ್ಣ ಗುಡ್ಡ ಏಳುತ್ತಿತ್ತು. ದೀಪ, ಊದಿನಕಡ್ಡಿ. ಕಂಪ್ಯೂಟರ್ ಹುಡುಗನಿಗೆ ಅದನ್ನು ವಿವರಿಸಿದಾಗ ಅವನ ಮುಖ ನೋಡಬೇಕಿತ್ತು.

ವಾರಕ್ಕೊಮ್ಮೆ ಬ್ಯಾಟರಿ ಬದಲಿಸುವುದು ನನ್ನ ಕೆಲಸ. ಬುತ್ತಿ ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಜೊತೆ 24 ಬ್ಯಾಟರಿ. ಆ ಮನೆಗಳಲ್ಲಿ ಕೂತು ಅದೇ ರೊಟ್ಟಿ ತಿನ್ನುತ್ತಿದ್ದೆ. ಯಾರೂ ಬರೀ ನನ್ನ ರೊಟ್ಟಿ ತಿನ್ನಲು ಬಿಡಲಿಲ್ಲ, ಪುಂಡಿಪಲ್ಯ ಬಡಿಸುತ್ತಿದ್ದರು.

ಏಪ್ರಿಲ್ ನಡುವಿನಲ್ಲಿ ಎಚ್-17ರ ತಕರಾರು ಶುರುವಾಯಿತು. ಉಳಿದ ಮನೆಗಳಲ್ಲಿ ಕರಿ ಚೆಂಡಿನ ಗೆರೆ ಬೆಳಿಗ್ಗೆ ಹತ್ತರಿಂದ ಏರುತ್ತ ಹೋಗಿ ಮಧ್ಯಾಹ್ನ ಮೂರೂವರೆಯ ಸುಮಾರಿಗೆ ತುದಿ ಮುಟ್ಟಿ, ಸಂಜೆ ಇಳಿಯುತ್ತಿತ್ತು. ಎಚ್-17ರಲ್ಲಿ ಮಾತ್ರ ಎರಡೂವರೆಗೆ ಗೆರೆ ಧೊಪ್ಪನೆ ಬೀಳುತ್ತಿತ್ತು, ಕಾಲು ತಾಸಿನಲ್ಲಿ ಹಲವು ಡಿಗ್ರಿ. ನಾಲ್ಕರ ಹೊತ್ತಿಗೆ ಮತ್ತೆ ಏರುತ್ತಿತ್ತು. ದಿನಾ. ಹುಡುಗ ಬರೆದ ಪ್ರೋಗ್ರಾಂ ಅದಕ್ಕೆ ಕೆಂಪು ಗುರುತು ಹಾಕಿತು: ಸೆನ್ಸರ್ ದೋಷ. ಡಬ್ಬಿ ಬದಲಿಸಿದೆವು. ಮತ್ತೆ ಅದೇ. ಇನ್ನೊಮ್ಮೆ ಬದಲಿಸಿದೆವು. ಅದೇ. ‘ಈ ಮನೆಯ ಮಧ್ಯಾಹ್ನದ ದತ್ತಾಂಶ ತೆಗೆದುಬಿಡೋಣ’ ಎಂದ ಅವನು, ಸಿವಿಲ್ ಸರ್ ಹೂಂ ಅಂದರು. ಅಳಿಸುವ ಮುಂಚೆ ಹುಡುಗ ಒಂದು ಮಾತು ಸೇರಿಸಿದ: ‘ವಿಚಿತ್ರ ನೋಡಿ, ಗುರುವಾರ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ.’

ಗುರುವಾರ ಎಂದ ಕೂಡಲೇ ನನಗೆ ನನ್ನ ಬಾಡಿಗೆ ಕೋಣೆಯ ಖಾಲಿ ಬಕೆಟ್ ನೆನಪಾಯಿತು. ಆ ಬ್ಯಾಸಗಿಯಲ್ಲಿ ಗುರುವಾರ ನಮ್ಮ ಭಾಗದಲ್ಲಿ ನಳ ಬಂದ್. ‘ಒಂದು ದಿನ ತಡಿ’ ಎಂದೆ.

ಮರುದಿನ ಶುಕ್ರವಾರ, ಎರಡು ಗಂಟೆಗೆ ಹೋಗಿ ಎಚ್-17ರ ಹೊಸ್ತಿಲ ಮೇಲೆ ಕೂತೆ. ಅಕ್ಕ ಸೊಸೈಟಿಯ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದಳು. ಒಳಗೆ ಅವಳ ಮಗಳು, ಬಾಣಂತನಕ್ಕೆ ಬಂದವಳು, ಎರಡು ತಿಂಗಳ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಎರಡೂವರೆಗೆ ಪಕ್ಕದ ಮನೆಯ ಹುಡುಗ ಗೋಡೆ ಹಿಡಿದು ಪತ್ರಾಸಿನ ಮೇಲೆ ಏರಿದ. ಅಕ್ಕ ಕೆಳಗಿನಿಂದ ಜೋಳದ ಗೋಣಿಚೀಲ ನಾಲ್ಕು, ಹರಿದ ಕೌದಿ ಒಂದು ಎತ್ತಿ ಕೊಟ್ಟಳು. ಆಮೇಲೆ ಎರಡು ಬಕೆಟ್ ನೀರು. ಹುಡುಗ ತೊಟ್ಟಿಲ ನೆತ್ತಿಗೆ ಸರಿಯಾಗಿ ಚೀಲ ಹಾಸಿ ನೀರು ಸುರಿದ. ಪತ್ರಾಸು ಚೊಯ್ ಎಂದಿತು. ನಾನು ಮೊಬೈಲಿನಲ್ಲಿ ಗ್ರಾಫ್ ತೆರೆದು ನೋಡುತ್ತಿದ್ದೆ. ಗೆರೆ ಬಿತ್ತು.

‘ಅಕ್ಕಾ, ಇದನ್ನ ಮೊದಲ ಯಾಕ ಹೇಳಲಿಲ್ಲ?’

‘ನೀ ಎಲ್ಲಿ ಕೇಳಿದಿ? ಫ್ಯಾನ್ ಅದನೋ, ಕೂಲರ್ ಅದನೋ, ಏಸಿ ಅದನೋ ಅಂತ ಕೇಳಿದಿ. ಫ್ಯಾನ್ ಅದ ಅಂದ್ನಿ, ಗೀಟು ಹಾಕ್ಕೊಂಡು ಹೋದಿ. ಈ ಹೊತ್ತಿನ್ಯಾಗ ಫ್ಯಾನ್ ಹಚ್ಚಿದ್ರ ಝಳನ ಒಗೀತದ, ಕೂಸು ಚೀರ್ತದ.’

31ನೆಯ ಪ್ರಶ್ನೆ. ಅನುವಾದ ಮಾಡಿದ್ದು ನಾನೇ. ಶಬ್ದಕ್ಕೆ ಶಬ್ದ ಅಷ್ಟು ಚೆನ್ನಾಗಿ ಕೂತಿತ್ತು ಎಂದು ಖುಷಿಪಟ್ಟ ಕೆಲವೇ ಪ್ರಶ್ನೆಗಳಲ್ಲಿ ಅದೂ ಒಂದು. ಫ್ಯಾನಿನ ವಿಷಯದಲ್ಲಿ ಅವಳ ಮಾತಿಗೆ ಡಾಕ್ಟರ್ ಬಾಯಿ ಆಮೇಲೆ ಕಾರಣ ಹೇಳಿದರು. ನಮ್ಮ ಚರ್ಮದ ತಾಪಮಾನ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾಗಿದ್ದರೆ ಫ್ಯಾನು ಮೈಗೆ ಬಿಸಿಯನ್ನೇ ತಂದು ಸುರಿಯುತ್ತದೆ, ಬೆವರು ಆರುವುದರಿಂದ ಸಿಗುವ ತಂಪೊಂದೇ ಲಾಭ. ಎಳೆ ಕೂಸಿಗೆ ದೊಡ್ಡವರಷ್ಟು ಬೆವರುವ ಶಕ್ತಿ ಇಲ್ಲ.

ಸೋಮವಾರದ ಮೀಟಿಂಗಿನಲ್ಲಿ ಸಿವಿಲ್ ಸರ್ ಮಕ್ಕಳಂತಾದರು. ಚಾಕ್ ಹಿಡಿದು ಲೆಕ್ಕ ಶುರುಮಾಡಿದರು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2.4 ಮೆಗಾಜೂಲ್ ಶಾಖ ಹೀರಬೇಕು, ಅಂದರೆ ಒಂದು ಕಿಲೋವ್ಯಾಟಿನ ಹೀಟರ್ 40 ನಿಮಿಷ ಉರಿದಷ್ಟು. ಏಪ್ರಿಲ್ ಮಧ್ಯಾಹ್ನ ಪುಣೆಯ ಗಾಳಿ ಒಣಗಿರುತ್ತದೆ, ನೀರು ಬೇಗ ಆರುತ್ತದೆ, ಅದಕ್ಕೇ ಒಂದೂವರೆ ತಾಸಿನಲ್ಲಿ ಪರಿಣಾಮ ಮುಗಿಯುತ್ತದೆ. ಮುಂಬೈಯಲ್ಲಾದರೆ ಇಷ್ಟು ಚೆನ್ನಾಗಿ ನಡೆಯಲಿಕ್ಕಿಲ್ಲ. ‘ಎಷ್ಟು ಲೀಟರ್ ಸುರಿದರು?’ ಎಂದು ಕೇಳಿದರು. ಎರಡು ಬಕೆಟ್ ಎಂದೆ. ಯಾವ ಬಕೆಟ್ ಎಂದರು. ಮನುಷ್ಯ ಕೆಟ್ಟವರಲ್ಲ, ಆದರೆ ಬಕೆಟ್ಟಿನ ಅಳತೆ ತರದೆ ಅವರ ಎದುರು ಹೋಗಬಾರದು.

ಆಗ ಅರ್ಥಶಾಸ್ತ್ರದವರು ತಮ್ಮ ಒಂದೇ ಪ್ರಶ್ನೆ ಕೇಳಿದರು: ‘ಆ ಎರಡು ಬಕೆಟ್ ನೀರು ಬೇರೆ ಯಾವುದಕ್ಕೆ ಆಗಬೇಕಿತ್ತು?’

ಯಾರ ಹತ್ತಿರವೂ ಉತ್ತರ ಇರಲಿಲ್ಲ. ಮತ್ತೆ ಹೋಗಿ ಅಕ್ಕನನ್ನು ಕೇಳಿದೆ. ಬೆಳಿಗ್ಗೆ ಐದೂವರೆಗೆ ನಳ ಬರುತ್ತದೆ, ಏಳಕ್ಕೆ ಹೋಗುತ್ತದೆ. ಅಷ್ಟರಲ್ಲಿ ಕುಡಿಯುವ ನೀರು, ಅಡುಗೆ, ಜಳಕ, ಅರಿವಿ. ಅರಿವಿ ಜಾಲಿಸಿದ ನೀರನ್ನು ಚೆಲ್ಲದೆ ಎತ್ತಿಡುತ್ತಾಳೆ. ಆ ನೀರು ಸಾರ್ವಜನಿಕ ಪಾಯಖಾನೆಗೆ ಒಯ್ಯುವ ಡಬ್ಬಿಗೆ ಮತ್ತು ಮನೆ ಒರೆಸಲಿಕ್ಕೆ. ಕೂಸು ಬಂದ ಮೇಲೆ ಅದು ಪತ್ರಾಸಿಗೆ. ಹಾಗಾದರೆ ಪಾಯಖಾನೆಗೆ? ‘ನಾ ಸೊಸೈಟ್ಯಾಗ ಮುಗಿಸ್ಕೊಂಡು ಬರ್ತೀನಿ’ ಎಂದು ಅಕ್ಕ ನಕ್ಕಳು. ಮಗಳು ನಗಲಿಲ್ಲ. ಬಾಣಂತಿ ಎಲ್ಲಿಗೆ ಹೋಗಬೇಕು?

ಇದಾದ ಮೇಲೆ 24 ಮನೆಗಳನ್ನೂ ಹೊಸದಾಗಿ ಕೇಳಿದೆ. ಈ ಸಲ ಆಯ್ಕೆಗಳ ಪಟ್ಟಿ ಇಲ್ಲದೆ: ‘ಮಧ್ಯಾಹ್ನ ಭಾಳ ಆದ್ರ ಏನ್ ಮಾಡ್ತೀರಿ?’ ಇನ್ನೂ ಐದು ಮನೆಗಳಲ್ಲಿ ನೀರಿನದೇ ಒಂದಲ್ಲ ಒಂದು ಉಪಾಯ ಸಿಕ್ಕಿತು. ಬಾಗಿಲಿಗೆ ಹಸಿ ಸೀರೆ, ನೆಲಕ್ಕೆ ಹಸಿ ಚೀಲ. ಬಾಕಿಯವರು ಹೊರಗೆ ಹೋಗುತ್ತಾರೆ: ಮರದ ಕೆಳಗೆ, ಗುಡಿಯ ಕಟ್ಟೆಗೆ, ಅರ್ಧ ಕಟ್ಟಿದ ಬಿಲ್ಡಿಂಗಿನ ನೆಲಮಾಳಿಗೆಗೆ. ಕಂಪ್ಯೂಟರ್ ಹುಡುಗ ತನ್ನ ಕೋಷ್ಟಕಕ್ಕೆ ನಳ ಬರುವ ವೇಳೆಯ ಒಂದು ಕಾಲಂ ಸೇರಿಸಿದ. ಉಪಗ್ರಹದ ಚಿತ್ರ, ಮರಗಳ ಎಣಿಕೆ, ರಸ್ತೆಯ ಅಗಲ ಎಲ್ಲ ಇದ್ದ ಕೋಷ್ಟಕದಲ್ಲಿ ಅದೊಂದು ಅಷ್ಟು ದಿನ ಇರಲಿಲ್ಲ. ಅಳಿಸಬೇಕೆಂದಿದ್ದ ದತ್ತಾಂಶ ವರದಿಯ ಮೂರನೆಯ ಅಧ್ಯಾಯವಾಯಿತು. ಅವನ ಪರವಾಗಿ ಒಂದು ಮಾತು ಹೇಳಬೇಕು: ಗುರುವಾರದ ವಿಚಿತ್ರ ಕಂಡದ್ದು ಅವನಿಗೇ, ನನಗಲ್ಲ. ವಾರವಾರವೂ ಆ ಹೊಸ್ತಿಲು ತುಳಿದ ನಾನು ಒಮ್ಮೆಯೂ ತಲೆಯೆತ್ತಿ ಪತ್ರಾಸು ನೋಡಿರಲಿಲ್ಲ.

ರಾತ್ರಿಯದು ಇನ್ನೊಂದು ಕಥೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಬ್ಯಾಸಗಿಯ ರಾತ್ರಿಯೂ ತಂಪು ಎಂದು ಹೆಸರು. ಪತ್ರಾಸು ತೆಳು, ಸೂರ್ಯ ಮುಳುಗಿದ ಮೇಲೆ ಬೇಗ ಆರಬೇಕು. ಆರುತ್ತಿತ್ತು ಕೂಡ. ಆದರೆ ಮನೆ ಆರುತ್ತಿರಲಿಲ್ಲ. ಸಿವಿಲ್ ಸರ್ ನಾಲ್ಕಿಂಚಿನ ಇಟ್ಟಿಗೆ ಗೋಡೆಯನ್ನು ದೂರಿದರು. ಹಗಲು ಕುಡಿದ ಕಾವನ್ನು ಅದು ರಾತ್ರಿ ಒಳಗೆ ಬಿಡುತ್ತದೆ. ಅದು ಅರ್ಧ ಕಾರಣ. ಉಳಿದರ್ಧವನ್ನು ಹೆಂಗಸರು ಡಾಕ್ಟರ್ ಬಾಯಿಗೆ ಹೇಳಿದರು. ಗಂಡಸರು ಹೊರಗೆ ಮಲಗಿದ ಮೇಲೆ ಒಳಗಿರುವವರು ಬಾಗಿಲು ಹಾಕಿ ಚಿಲಕ ಜಡಿಯುತ್ತಾರೆ. ಕಿಟಕಿ ಇದ್ದರೆ ಅದಕ್ಕೂ ತಗಡು ಬಡಿದಿರುತ್ತದೆ. ‘ಕುದಿ ತಾಳ್ಕೋಬಹುದು, ಕುಡುಕರನ್ನ ತಾಳ್ಕೊಳ್ಳಾಕ ಆಗಂಗಿಲ್ಲ’ ಎಂದು ಎಚ್-4ರವಳು ಹೇಳಿದ್ದನ್ನು ಮರಾಠಿಗೆ ತಿರುಗಿಸುವಾಗ ನನ್ನ ದನಿ ಸ್ವಲ್ಪ ನಡುಗಿತು. ಗಲ್ಲಿಯ ದೀಪ ಎಲ್ಲಿದೆ, ಎಲ್ಲಿ ಕೆಟ್ಟಿದೆ ಎಂಬುದೂ ಹೀಗೆ ತಾಪಮಾನದ ಕೋಷ್ಟಕ ಸೇರಿತು. ತಂಡದಲ್ಲಿ ಯಾರಿಗೂ ಈಗ ಅದು ವಿಚಿತ್ರ ಅನಿಸಲಿಲ್ಲ.

ಮೇ ಕೊನೆಯಲ್ಲಿ ಪಾಲಿಕೆಯ ಒಂದು ಕಚೇರಿಯಲ್ಲಿ ಮಂಡನೆ. ಗೋಡೆಯ ಮೇಲೆ ಸ್ಮಾರ್ಟ್ ಸಿಟಿಯ ಪೋಸ್ಟರ್. 2016ರ ಜನವರಿಯಲ್ಲಿ ಮೊದಲ 20 ನಗರಗಳ ಪಟ್ಟಿ ಬಂದಾಗ ಪುಣೆ ಎರಡನೆಯದು, ಆ ಹೆಮ್ಮೆ ಇನ್ನೂ ಇಳಿದಿರಲಿಲ್ಲ. ಅಧಿಕಾರಿ ಸಭ್ಯರು, ಕೇಳಿದ್ದೂ ನ್ಯಾಯವಾದದ್ದೇ: ‘ನನಗೆ ವಾರ್ಡಿಗೆ ಒಂದು ಸಂಖ್ಯೆ ಕೊಡಿ. ಕೆಂಪು, ಹಳದಿ, ಹಸಿರು. ಎಲ್ಲಿ ಮೊದಲು ಹೋಗಬೇಕು ಅಂತ ಗೊತ್ತಾಗಲಿ.’ ನಾವು ಮೂರು ಕಾಲಂ ತಂದಿದ್ದೆವು. ಝಳ, ಕಾವು, ಕುದಿ ಎಂದು ಕನ್ನಡದಲ್ಲೇ ಬರೆದು, ಪಕ್ಕದಲ್ಲಿ ಮರಾಠಿ. ಹವಾಮಾನ ಇಲಾಖೆ ಬಯಲುಸೀಮೆಯಲ್ಲಿ ಬಿಸಿಗಾಳಿ ಘೋಷಿಸಬೇಕಾದರೆ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕು, ಇಲ್ಲವೇ ನೇರವಾಗಿ 45 ಡಿಗ್ರಿ ಮುಟ್ಟಿರಬೇಕು. ಘೋಷಣೆ ಇಲ್ಲದ ದಿನಗಳಲ್ಲೂ ಎಚ್-17ರಲ್ಲಿ ಕೂಸು ಚೀರುತ್ತಿತ್ತು ಎಂಬುದೇ ನಮ್ಮ ವಾದ. ಸಿವಿಲ್ ಸರ್ 2013ರ ಅಹಮದಾಬಾದ್ ಬಿಸಿಗಾಳಿ ಕಾರ್ಯಯೋಜನೆ, 2023ರ ತೆಲಂಗಾಣದ ತಂಪು ಮಾಳಿಗೆ (ಕೂಲ್ ರೂಫ್) ನೀತಿ ಎರಡನ್ನೂ ತೋರಿಸಿದರು. ಡಾಕ್ಟರ್ ಬಾಯಿ ಏಪ್ರಿಲ್, ಮೇ ತಿಂಗಳಲ್ಲಿ ಈ ವಸ್ತಿಗಳಿಗಾದರೂ ಗುರುವಾರದ ನೀರು ಬಿಡಿ ಎಂದರು. ನೀರು ಬೇರೆ ವಿಭಾಗ, ಬೀದಿದೀಪ ಇನ್ನೊಂದು ವಿಭಾಗ, ಪಾಯಖಾನೆ ಮತ್ತೊಂದು. ನಾವು ಐದು ವಿಭಾಗ ಒಂದು ಟೇಬಲ್ಲಿಗೆ ಬರಲು ಏಳು ವಾರ ಜಗಳಾಡಿದ್ದೆವು, ಅವರನ್ನು ಬೈಯಲು ಬಾಯಿ ಬರಲಿಲ್ಲ. ಅರ್ಜಿಗೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದೆವು. ಮರುವಾರ ಅವರಿಗೆ ಕೆಂಪು-ಹಳದಿ-ಹಸಿರು ನಕ್ಷೆಯನ್ನೂ ಕಳಿಸಿದೆವು, ಮೂರು ಕಾಲಂ ಅದರ ಕೆಳಗೆ ಸಣ್ಣಕ್ಷರದಲ್ಲಿ.

ಉಳಿದ ಸ್ವಲ್ಪ ದುಡ್ಡಿನಲ್ಲಿ ಐದು ಮನೆಗಳ ಪತ್ರಾಸಿಗೆ ಬಿಳಿ ಬಳಿಯುವುದೆಂದು ಆಯಿತು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ತುಕ್ಕು ಹಿಡಿದ ತಗಡು ನುಂಗುತ್ತದೆ. ಆರ್ಕಿಟೆಕ್ಟ್ ಹುಡುಗಿ ತಂಪು ಮಾಳಿಗೆಯ ಬಣ್ಣವೇ ಬೇಕೆಂದಳು. ದುಬಾರಿ. ನಾನು ಜಾಣತನ ಮಾಡಿ ಊರಿನ ಕಥೆ ಹೇಳಿದೆ: ಸುಣ್ಣಕ್ಕೆ ಗೋಂದು ಕಲಸಿ ಹಚ್ಚಿದರೆ ಸಾಕು, ನಮ್ಮಜ್ಜ ಪ್ರತಿ ದೀಪಾವಳಿಗೆ ಹಚ್ಚುತ್ತಿದ್ದ. ‘ನಿಮ್ಮಜ್ಜ ಹಚ್ಚಿದ್ದು ಮಣ್ಣಿನ ಗೋಡೆಗೆ, ಇದು ತಗಡು’ ಎಂದಳು. ಜನರ ತಿಳಿವಳಿಕೆಯ ಬಗ್ಗೆ ಅಷ್ಟು ದಿನ ಭಾಷಣ ಮಾಡಿದ್ದ ನನ್ನ ಮಾತೇ ಗೆದ್ದಿತು. ಸುಣ್ಣ ಹಚ್ಚಿದೆವು. ಹತ್ತು ದಿನ ಚೆಂಡಿನ ಗೆರೆ ಇಳಿದೇ ಇತ್ತು, ನಾನು ಬೀಗುತ್ತಿದ್ದೆ. ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಂತು. ಸುಣ್ಣ ಹಾಲಿನಂತೆ ಗಲ್ಲಿಗೆ ಇಳಿಯಿತು, ದಾರಿಯಲ್ಲಿ ಎಚ್-17ರ ಹಗ್ಗದ ಮೇಲಿದ್ದ ಕೂಸಿನ ಅಷ್ಟೂ ಅರಿವೆಗಳ ಮೇಲೆ.

ಡಬ್ಬಿ ಕೀಳಲು ಹೋದ ದಿನ ಅಕ್ಕ ಅದನ್ನೇ ಎತ್ತಿ ಆಡಿದಳು. ಮಗಳು, ಕೂಸು ಊರಿಗೆ ಹೋಗಿದ್ದರು. ಗೋಣಿಚೀಲ ಮಡಚಿ ಮೂಲೆಗೆ ಇಟ್ಟಿತ್ತು. ಬೈಗುಳ ಮುಗಿದ ಮೇಲೆ ಚಹಾ ಕೊಟ್ಟಳು. ನಾನು ಮೊಳೆಯಿಂದ ಡಬ್ಬಿ ಬಿಚ್ಚಿ, ಕರಿ ಚೆಂಡನ್ನು ಹತ್ತಿಯಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ಪಟ್ಟಿಯಲ್ಲಿ ಗೀಟು ಎಳೆದೆ. ಅಕ್ಕ ಅಷ್ಟರಲ್ಲಿ ಟ್ರಂಕಿನ ಮೇಲೆ ಹೋಗಿ ಕೂತಿದ್ದಳು.

‘ಡಬ್ಬಿ ಒಯ್ಯಿ. ಕಾಗದ ಮಾತ್ರ ಕೊಡಂಗಿಲ್ಲ.’

ಕಾಗದ ನಿಂದೇ ಅಕ್ಕಾ, ಅಂದೆ. ಆದರೂ ನಾನು ಗಲ್ಲಿಯ ತಿರುವು ದಾಟುವವರೆಗೆ ಅವಳು ಅಲ್ಲಿಂದ ಏಳಲಿಲ್ಲ.